ಹುಬ್ಬಳ್ಳಿ-ಧಾರವಾಡದ ಬಸ್ಸು: ಒಂದೇ ರಸ್ತೆ ಮೇಲೆ ಇನ್ನೂ ಎಷ್ಟು ಜಗಳ?

ಉಣಕಲ್_ದಡ

ಹುಬ್ಬಳ್ಳಿ-ಧಾರವಾಡ ರಸ್ತೆಯ ನಡುವೆ ಚಿಗರಿ ಅನ್ನುವ ಏಸಿ ಬಸ್ಸುಗಳಿಗೆಂದೇ ಮೀಸಲಿಟ್ಟ ಕಾರಿಡಾರ್ (ಬಿಆರ್‌ಟಿಎಸ್) ಇರಬೇಕಾ, ಇಲ್ಲಾ ತೆಗೆದು ಎಲ್ಲ ಗಾಡಿಗಳಿಗೂ ಬಿಡಬೇಕಾ ಅನ್ನುವ ಜಗಳ ಮುಗಿಯುವ ಲಕ್ಷಣವೇ ಇಲ್ಲ. ನನಗೆ ಈ ಪ್ರಶ್ನೆಯೇ ಸರಿ ಅನಿಸುವುದಿಲ್ಲ.

ನಮ್ಮ ಅವಳಿ ನಗರದ ಬಸ್ಸಿನ ಕಥೆ ಶುರುವಿನಿಂದಲೂ ಒಂದೇ ರಸ್ತೆಯ ಕಥೆ. ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ, ಸುಮಾರು 20 ಕಿ.ಮೀ. ಅದರ ಮೇಲೆ ಯಾರ ಬಸ್ ಓಡಬೇಕು, ಎಷ್ಟು ಬೇಗ ಓಡಬೇಕು ಅನ್ನುವುದರಲ್ಲೇ ಎಲ್ಲರ ಶಕ್ತಿ ಹೋಗುತ್ತದೆ. ಸರ್ಕಾರದ ದುಡ್ಡೂ ಅಲ್ಲಿಗೇ ಹೋಗುತ್ತದೆ. ಕೇಶ್ವಾಪುರದಿಂದ ಗೋಕುಲ ರಸ್ತೆಗೆ ಹೋಗಬೇಕಾದವರು, ಹಳೇ ಹುಬ್ಬಳ್ಳಿಯಿಂದ ಕಿಮ್ಸ್ ಆಸ್ಪತ್ರೆಗೆ ಹೋಗಬೇಕಾದವರು ಏನು ಮಾಡಬೇಕು? ಅವರೆಲ್ಲ ಆಟೋ ಹತ್ತುತ್ತಾರೆ, ಇಲ್ಲಾ ಸಾಲ ಮಾಡಿ ಬೈಕ್ ತಗೊಳ್ಳುತ್ತಾರೆ.

1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. 2011ರ ಜನಗಣತಿಯಲ್ಲಿ 9.4 ಲಕ್ಷ ಜನ. ಇಷ್ಟು ದೊಡ್ಡ ಊರು ಇದು. ಆದರೂ ನಾವು ಬಸ್ ಅಂದರೆ ಹುಬ್ಬಳ್ಳಿ-ಧಾರವಾಡ ಬಸ್ ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ. ಕಾವಡಿಯ ಎರಡು ಕೊಡ ಖಾಲಿ ಇಟ್ಟು ನಡುವಿನ ಕೋಲಿಗೆ ಮಾತ್ರ ಎಣ್ಣೆ ಹಚ್ಚಿದ ಹಾಗೆ.

ಹಳೇ ಕಥೆ ಗೊತ್ತಿದ್ದವರು, ಬೇರೆ ಊರಿನವರು, ಎಲ್ಲರೂ ಹೇಳಿ.

ಗೋಕುಲ_ರೋಡ್

ಕೋಲಾದರೂ ಸರಿ ಇದೆಯಾ? ನಡುವಿನ ಎರಡು ಲೇನ್ ಬಹಳ ಹೊತ್ತು ಖಾಲಿ ಬಿದ್ದಿರುತ್ತವೆ. ಪಕ್ಕದಲ್ಲಿ ಕಾರು, ಲಾರಿ, ಟಂಟಂ ಎಲ್ಲ ಒಂದರ ಹಿಂದೆ ಒಂದು ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ಬಿಡ್ರಿ ಎಲ್ಲರಿಗೂ, ಅಷ್ಟೇ. ದೆಹಲಿಯವರು 2008ರಲ್ಲಿ ಶುರು ಮಾಡಿದ ಇಂಥದ್ದೇ ಬಸ್ ಕಾರಿಡಾರನ್ನು ಕೆಲವೇ ವರ್ಷಗಳಲ್ಲಿ ಕಿತ್ತು ಹಾಕಿದರು. ಭೋಪಾಲದವರೂ 2024ರಲ್ಲಿ ತೆಗೆಯಲು ಶುರು ಮಾಡಿದರು. ನಾವು ಮಾತ್ರ ಯಾಕೆ ಹಿಡಿದುಕೊಂಡು ಕೂರಬೇಕು?

ಹಳೇ_ಟಿಕೆಟ್

ಉಣಕಲ್ ಅವರು ಇತಿಹಾಸ ಕೇಳಿದ್ದಾರೆ. ಕೇಳಬಾರದಿತ್ತು, ಈಗ ಅನುಭವಿಸಿ. ಸ್ವಲ್ಪ ಉದ್ದವಾಗುತ್ತದೆ.

ಕರ್ನಾಟಕದ ಸರ್ಕಾರಿ ಬಸ್ ಅಂದ ಕೂಡಲೇ ಎಲ್ಲರೂ ಹೇಳುವುದು ಮೈಸೂರು ಸಂಸ್ಥಾನದ ಕಥೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯಿತು. ಸರಿ. ಆದರೆ ಅದು ನಮ್ಮ ಕಥೆ ಅಲ್ಲ. ಆಗ ಧಾರವಾಡ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಅಲ್ಲಿ ಸರ್ಕಾರಿ ಬಸ್ ಶುರುವಾದದ್ದೂ ಅದೇ ವರ್ಷ, ಜೂನ್ 1ಕ್ಕೆ, ಪುಣೆಯಿಂದ ಅಹ್ಮದ್‌ನಗರಕ್ಕೆ. ಅಂದರೆ ಮೈಸೂರಿಗಿಂತ ಮೂರು ತಿಂಗಳು ಮೊದಲು. ಕಲಬುರಗಿ, ರಾಯಚೂರು ಕಡೆಯವರದು ಇನ್ನೂ ಹಳೆಯದು. ನಿಜಾಮರ ರಾಜ್ಯದಲ್ಲಿ 1932ರಲ್ಲೇ ರೈಲ್ವೆಯ ಕೈಕೆಳಗೆ ರಸ್ತೆ ಸಾರಿಗೆ ವಿಭಾಗ ಬಂದಿತ್ತು, 27 ಬಸ್ಸುಗಳಿಂದ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ ಖಾಸಗಿ ಕಂಪನಿಗಳದ್ದೇ ರಾಜ್ಯಭಾರ.

1956ರ ನವೆಂಬರ್ 1ಕ್ಕೆ ಈ ಎಲ್ಲ ಭಾಗ ಒಂದು ರಾಜ್ಯವಾದವು. ಜೊತೆಗೆ ಬಸ್ಸು, ಡಿಪೋ, ಡ್ರೈವರ್, ಕಂಡಕ್ಟರ್ ಎಲ್ಲರೂ ಬೇರೆ ಬೇರೆ ಮನೆಯಿಂದ ಬಂದು ಒಂದೇ ಸೂರಿನ ಕೆಳಗೆ ಸೇರಬೇಕಾಯಿತು. 1961ರ ಆಗಸ್ಟ್ 1ಕ್ಕೆ ಇಲಾಖೆ ಹೋಗಿ ನಿಗಮ ಬಂತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಬಸ್ಸಿನ ಮೇಲಿನ ಹೆಸರೂ ಕರ್ನಾಟಕ ಆಯಿತು.

ನನಗೆ ಮುಖ್ಯ ಅನಿಸುವುದು 1997. ಆ ವರ್ಷ ಆಗಸ್ಟ್ 15ಕ್ಕೆ ಬೆಂಗಳೂರು ನಗರಕ್ಕೆ ಅಂತಲೇ ಬಿಎಂಟಿಸಿ ಬೇರೆಯಾಯಿತು. ನವೆಂಬರ್ 1ಕ್ಕೆ ನಮ್ಮ ವಾಯವ್ಯ ಸಾರಿಗೆ ಬಂತು, ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ. ನಾವು ಖುಷಿಪಟ್ಟೆವು. ಆದರೆ ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಬಿಎಂಟಿಸಿಯ ಕೆಲಸ ಒಂದೇ, ನಗರದ ಬಸ್. ವಾಯವ್ಯಕ್ಕೆ ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ ಎಲ್ಲ ಇದೆ. ಗೋವಾ, ಮುಂಬೈಗೆ ಹೋಗುವ ಬಸ್ಸೂ ಅದರದ್ದೇ, ನವನಗರದ ಸಿಟಿ ಬಸ್ಸೂ ಅದರದ್ದೇ. ನಗರ ಸಾರಿಗೆ ಅನ್ನುವುದು ಹಲವು ವಿಭಾಗಗಳಲ್ಲಿ ಒಂದು. ಘಟ್ಟ ಇಳಿದು ಕಾರವಾರಕ್ಕೆ ಹೋಗುವ ಬಸ್ಸಿನ ಚಿಂತೆ ಮಾಡುವವರೇ ಮಾಳಮಡ್ಡಿಯ ಬಸ್ಸಿನ ಚಿಂತೆಯನ್ನೂ ಮಾಡಬೇಕು. ಯಾವುದು ಹಿಂದೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಾ?

ಡಬಲ್_ಬೆಲ್_ಕಾಕಾ

ನಾನು ಕಂಡಕ್ಟರ್ ಆಗಿ ನಿವೃತ್ತಿಯಾದವನು. ಹಳೇ_ಟಿಕೆಟ್ ತಮ್ಮಾ, ನೀ ಬರೆದದ್ದು ಖರೇ ಐತಿ. ಆದರೆ ಕಚೇರಿ ಒಳಗಿನಿಂದ ನೋಡಿದರೆ ಕಾಣುವುದು ಬೇರೆ. ಅದನ್ನು ಹೇಳ್ತೀನಿ ಕೇಳ್ರಿ.

ಡಿಪೋದಲ್ಲಿ ಒಂದು ಶೆಡ್ಯೂಲ್ ಉಳಿಯಬೇಕೋ ಬೀಳಬೇಕೋ ಅಂತ ನಿರ್ಧಾರ ಆಗುವುದು ಇಪಿಕೆಎಂ ಮೇಲೆ. ಅಂದರೆ ಒಂದು ಕಿಲೋಮೀಟರಿಗೆ ಬಂದ ಕಲೆಕ್ಷನ್. ದೂರದ ಗಾಡಿಯಲ್ಲಿ ಜನ ಒಮ್ಮೆ ಹತ್ತಿದರೆ ಇಳಿಯುವುದು ಮುಂದಿನ ಊರಲ್ಲಿ. ರಸ್ತೆ ಖಾಲಿ, ಡೀಸೆಲ್ ಉಳಿತಾಯ, ಟಿಕೆಟ್ ದೊಡ್ಡದು. ಸಿಟಿ ಗಾಡಿಯಲ್ಲಿ ಎರಡು ಸ್ಟೇಜಿಗೆ ಒಬ್ಬ ಇಳಿಯುತ್ತಾನೆ. ಅರ್ಧ ಗಾಡಿ ಪಾಸಿನ ಹುಡುಗರು. ಹೆಜ್ಜೆಗೊಮ್ಮೆ ಬ್ರೇಕ್, ಡೀಸೆಲ್ ಜಾಸ್ತಿ, ಕ್ಲಚ್ ಸವೆತ ಜಾಸ್ತಿ. ಇಡೀ ದಿನ ಚಿಲ್ಲರೆಗೆ ಜಗಳ. ಸಂಜೆ ವೇ ಬಿಲ್ (ದಿನದ ಟಿಕೆಟ್ ಲೆಕ್ಕದ ಹಾಳೆ) ಕೊಟ್ಟು ದುಡ್ಡು ಕಟ್ಟುವಾಗ ನೋಡಿದರೆ ದುಡಿದದ್ದು ಜಾಸ್ತಿ, ಬಂದದ್ದು ಕಡಿಮೆ.

ಹಾಗಾಗಿ ಗಾಡಿ ಕಡಿಮೆ ಬಿದ್ದ ದಿನ ಮೊದಲು ನಿಲ್ಲುವುದು ಸಿಟಿಯ ಸಣ್ಣ ರೂಟು. ಕೇಳುವವರು ಯಾರೂ ಇಲ್ಲ ಅಂತ ಗೊತ್ತು. ದೂರದ ಗಾಡಿ ನಿಂತರೆ ರಿಸರ್ವೇಶನ್ ಮಾಡಿಸಿದವರು ಬಂದು ಕೂಗಾಡುತ್ತಾರೆ. ಕೇಶ್ವಾಪುರದ ಗಾಡಿ ನಿಂತರೆ ಅಜ್ಜಿ ಅರ್ಧ ತಾಸು ಕಾದು ಆಟೋ ಹತ್ತುತ್ತಾಳೆ, ಅಷ್ಟೇ.

ಆದರೆ ಹುಬ್ಬಳ್ಳಿ-ಧಾರವಾಡ ಗಾಡಿ ಮಾತ್ರ ಬಂಗಾರ. ನೌಕರರು, ವಕೀಲರು, ವಿದ್ಯಾರ್ಥಿಗಳು, ದವಾಖಾನೆಗೆ ಹೋಗುವವರು. ಬೆಳಿಗ್ಗೆ ಆ ಕಡೆ ತುಂಬಿ ಹೋಗುತ್ತದೆ, ಈ ಕಡೆಯೂ ತುಂಬಿ ಬರುತ್ತದೆ. ಎರಡೂ ದಿಕ್ಕಿಗೆ ಲೋಡ್ ಸಿಗುವ ರೂಟ್ ಬಹಳ ಅಪರೂಪ. ಅದಕ್ಕೇ ಖಾಸಗಿಯವರಿಗೂ ಅದರ ಮೇಲೇ ಕಣ್ಣು.

ಸಪ್ತಾಪುರ_ಹುಡುಗ

ಖಾಸಗಿ ಅಂದ ಕೂಡಲೇ ನೆನಪಾಯಿತು, ಬೇಂದ್ರೆ ಬಸ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಧಾರವಾಡದಲ್ಲಿ ಕಾಲೇಜು ಓದಿದವರಿಗೆ ಬೇಂದ್ರೆ ಸಾರಿಗೆ ಅಂದರೆ ಒಂದು ಪ್ರೀತಿ. ಕೈ ಅಡ್ಡ ಹಿಡಿದರೆ ನಿಲ್ಲುತ್ತಿತ್ತು. ಕಿಟಕಿ ಪಕ್ಕ ಗಾಳಿ, ಹಿಂದೆ ಬಾಗಿಲಲ್ಲಿ ಹುಡುಗನ ಕೂಗು. ಒಂದು ಹೋದರೆ ಇನ್ನೊಂದು ಬರುತ್ತದೆ ಅನ್ನುವ ಧೈರ್ಯ ಇತ್ತು. ವೇಳಾಪಟ್ಟಿ ಯಾರೂ ನೋಡುತ್ತಿರಲಿಲ್ಲ.

ಗೋಕುಲ_ರೋಡ್

ಕೈ ಹಿಡಿದಲ್ಲೆಲ್ಲ ನಿಲ್ಲುವುದೇ ಟ್ರಾಫಿಕ್ ಜಾಮಿಗೆ ಕಾರಣ ಕೂಡ. ಪ್ರೀತಿ ಇರಲಿ, ಹಿಂದೆ ಸ್ಕೂಟರಿನಲ್ಲಿ ಬರುವವನ ಎದೆ ಝಲ್ ಅನ್ನುತ್ತಿತ್ತು.

ಸಪ್ತಾಪುರ_ಹುಡುಗ

ಒಪ್ಪಿದೆ ಅಣ್ಣಾ. ಆದರೆ ಜನ ಯಾಕೆ ಹತ್ತುತ್ತಿದ್ದರು ಅನ್ನುವುದನ್ನು ಯೋಜನೆ ಮಾಡುವವರು ಕಲಿಯಬೇಕಿತ್ತು ಅಲ್ವಾ? ಮನೆ ಹತ್ತಿರ ನಿಲ್ಲುತ್ತದೆ, ಕಾಯಬೇಕಿಲ್ಲ. ಏಸಿ ಬೇಕು ಅಂತ ಯಾರೂ ಕೇಳಿರಲಿಲ್ಲ.

ಉಣಕಲ್_ದಡ

ಚಿಗರಿಯ ಬಗ್ಗೆ ನ್ಯಾಯವಾಗಿ ಮಾತಾಡೋಣ. ನಾನು ಅದರ ವಿರೋಧಿ ಅಲ್ಲ.

2018ರ ಅಕ್ಟೋಬರ್ 2ಕ್ಕೆ ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ಕಾರಿಡಾರ್ ಉದ್ದ 22 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಅಗಲ ಮಾಡಲು ರಸ್ತೆ ಬದಿಯ ಎಷ್ಟೋ ಮರ, ಕಟ್ಟಡ ಹೋದವು. ಆ ನೋವು ಇನ್ನೂ ಹಲವರಿಗೆ ಇದೆ.

ಆದರೆ ತಾಂತ್ರಿಕವಾಗಿ ಅದರಲ್ಲಿ ಒಳ್ಳೆಯ ವಿಷಯಗಳಿವೆ. ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟ. ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಮೆಟ್ಟಿಲು ಹತ್ತಬೇಕಿಲ್ಲ. ಟಿಕೆಟ್ ಹೊರಗೇ ತಗೊಂಡು ಗೇಟ್ ದಾಟಿರುತ್ತೀರಿ. ಹಾಗಾಗಿ ಬಸ್ ನಿಂತು ಹೊರಡಲು ಸ್ವಲ್ಪ ಹೊತ್ತು ಸಾಕು. ಸಾದಾ ಬಸ್ಸಿನಲ್ಲಿ ಸಮಯ ತಿನ್ನುವುದು ಓಟ ಅಲ್ಲ, ಹತ್ತಿ ಇಳಿಯುವುದು. ಇನ್ನೊಂದು, ನಿಲ್ದಾಣಗಳ ಹತ್ತಿರ ಹಿಂದಿನ ಬಸ್ ಮುಂದಿನದನ್ನು ದಾಟಿ ಹೋಗಲು ಜಾಗ ಬಿಟ್ಟಿದ್ದಾರೆ. ಅದಕ್ಕೇ ಎಲ್ಲ ಕಡೆ ನಿಲ್ಲುವ ಬಸ್ ಮತ್ತು ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಎರಡೂ ಒಂದೇ ದಾರಿಯಲ್ಲಿ ಓಡಲು ಆಗುತ್ತದೆ.

ಗೋಕುಲ_ರೋಡ್ ಅವರಿಗೆ: ಲೇನ್ ಖಾಲಿ ಕಾಣುವುದು ಸಹಜ. ಎರಡು ನಿಮಿಷಕ್ಕೊಂದು ಬಸ್, ಒಂದರಲ್ಲಿ 60 ಜನ ಅಂತ ಇಟ್ಟುಕೊಳ್ಳಿ. ತಾಸಿಗೆ 1800 ಜನ ಹೋದರು. ಆದರೆ ಎರಡು ಬಸ್ಸಿನ ನಡುವೆ ನಿಂತು ಫೋಟೋ ತೆಗೆದರೆ ರಸ್ತೆ ಬಿಕೋ ಅನ್ನುತ್ತದೆ. ಒಬ್ಬೊಬ್ಬರೇ ಕೂತ ಕಾರುಗಳು ಅಷ್ಟೇ ಜನರನ್ನು ಸಾಗಿಸಬೇಕಾದರೆ ತಾಸಿಗೆ 1800 ಕಾರು ಬೇಕು. ಹಾಗಾಗಿ ಲೇನ್ ಎಲ್ಲರಿಗೂ ಬಿಟ್ಟರೆ ಕೆಲವು ತಿಂಗಳು ಹಾಯಾಗಿರುತ್ತದೆ. ಆಮೇಲೆ ಅದೂ ತುಂಬುತ್ತದೆ, ಬಸ್ಸೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ನೀವು ಹೇಳಿದ ದೆಹಲಿಯ ಕಾರಿಡಾರ್‌ನಲ್ಲಿ ಎಲ್ಲ ಬಗೆಯ ಬಸ್ಸುಗಳೂ ನುಗ್ಗುತ್ತಿದ್ದವು. ಸಿಗ್ನಲ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ನಮ್ಮದು ಹಾಗಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗೋಕುಲ_ರೋಡ್

ಲೆಕ್ಕ ಚೆನ್ನಾಗಿದೆ. ಆದರೆ ನಿಜವಾಗಿ ಎರಡು ನಿಮಿಷಕ್ಕೊಂದು ಬಸ್ ಬರಬೇಕಲ್ಲ. ಬರದಿದ್ದರೆ ನಿಮ್ಮ ಲೆಕ್ಕವೂ ಖಾಲಿ. ಮಳೆ ಬಂದಾಗ ಟೋಲ್ ನಾಕಾ ಹತ್ತಿರ ನಿಂತು ನೋಡಿ, ಅಲ್ಲಿ ಬಸ್ಸಿಗಿಂತ ನೀರು ಜಾಸ್ತಿ.

ನವನಗರ_ಅಕ್ಕ

ಇಲ್ಲಿ ಗಂಡಸರೇ ಮಾತಾಡುತ್ತಿದ್ದೀರಿ ಅನಿಸುತ್ತದೆ. ಶಕ್ತಿ ಯೋಜನೆಯ ಹೆಸರೇ ಇನ್ನೂ ಬಂದಿಲ್ಲ!

2023ರ ಜೂನ್ 11ರಿಂದ ಹೆಂಗಸರಿಗೆ ಸಾದಾ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಏಸಿ ಬಸ್ಸಿಗೆ ಅದು ಇಲ್ಲ. ಚಿಗರಿ ಏಸಿ. ಈಗ ಲೆಕ್ಕ ಹಾಕಿ. ಒಂದೇ ರಸ್ತೆ. ನಡುವಿನ ಲೇನ್‌ನಲ್ಲಿ ದುಡ್ಡು ಕೊಟ್ಟು ಹೋಗುವ ಬಸ್, ಪಕ್ಕದ ಲೇನ್‌ನಲ್ಲಿ ದುಡ್ಡಿಲ್ಲದೆ ಹೋಗುವ ಬಸ್. ದಿನಾ ಕೆಲಸಕ್ಕೆ ಹೋಗುವ ಹೆಂಗಸು ಯಾವುದು ಹತ್ತಬೇಕು? ನಮ್ಮ ಕಚೇರಿಯಲ್ಲಿ ಎಲ್ಲರದ್ದೂ ಒಂದೇ ಉತ್ತರ. ತಡವಾದರೆ ಚಿಗರಿ, ಇಲ್ಲದಿದ್ದರೆ ಸಾದಾ. ತಿಂಗಳ ಕೊನೆ ವಾರ ತಡವಾದರೂ ಸಾದಾ.

ಅಂದರೆ ಕೋಟಿ ಕೋಟಿ ಸುರಿದು ಮಾಡಿದ ವೇಗದ ದಾರಿಯನ್ನು ಬಿಟ್ಟು ಹೆಂಗಸರು ಜಾಮ್ ಇರುವ ದಾರಿಯಲ್ಲಿ ಹೋಗುವ ಹಾಗಾಗಿದೆ. ಯೋಜನೆ ಎರಡೂ ಒಳ್ಳೆಯವೇ. ಒಂದಕ್ಕೊಂದು ಪರಿಚಯ ಮಾಡಿಸಿದವರು ಯಾರೂ ಇಲ್ಲ.

ಇನ್ನೊಂದು ಮಾತು. ನಿಲ್ದಾಣ ರಸ್ತೆಯ ನಡುವೆ ಇದೆ. ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು, ಎದುರಿಗೆ ಓಡುವ ಗಾಡಿಗಳು. ಒಳಗೆ ಹೋದ ಮೇಲೆ ಎಲ್ಲ ಸುಖ. ಅಲ್ಲಿಯವರೆಗೆ ಜೀವ ಕೈಯಲ್ಲಿ.

ಡಬಲ್_ಬೆಲ್_ಕಾಕಾ

ತಂಗಿ ಹೇಳಿದ್ದು ಸರಿ. ಶಕ್ತಿ ಬಂದ ಮೇಲೆ ಸಾದಾ ಗಾಡಿಯಲ್ಲಿ ನಿಲ್ಲಲೂ ಜಾಗ ಇಲ್ಲ ಅಂತ ಈಗ ಕೆಲಸದಲ್ಲಿರುವ ಹುಡುಗರು ಹೇಳುತ್ತಾರೆ. ಜನ ಬಂದರು, ಗಾಡಿ ಅದೇ ಲೆಕ್ಕದಲ್ಲಿ ಬರಲಿಲ್ಲ.

ಚಾಮುಂಡಿ_201

ಮೈಸೂರಿನಿಂದ ನಮಸ್ಕಾರ. ನಮ್ಮ ಊರಿನ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ, ಹೋಲಿಸಲು ಅನುಕೂಲ.

ಮೈಸೂರಿಗೂ ಪ್ರತ್ಯೇಕ ನಿಗಮ ಇಲ್ಲ, ಕೆಎಸ್‌ಆರ್‌ಟಿಸಿಯ ನಗರ ವಿಭಾಗವೇ ಓಡಿಸುತ್ತದೆ. ಹಾಗಾಗಿ ಹಳೇ_ಟಿಕೆಟ್ ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಗಮ ಬೇರೆ ಇದ್ದರೆ ಮಾತ್ರ ಸಿಟಿ ಬಸ್ ಚೆನ್ನಾಗಿರುತ್ತದೆ ಅಂತೇನಿಲ್ಲ.

ನಮಗೆ ಅನುಕೂಲ ಮಾಡಿದ್ದು ಊರಿನ ಆಕಾರ. ಅರಮನೆ ಪಕ್ಕದ ಸಿಟಿ ಬಸ್ ಸ್ಟ್ಯಾಂಡ್ ನಡುವೆ, ಬಡಾವಣೆಗಳು ಸುತ್ತ. ಎಲ್ಲ ರೂಟೂ ಅಲ್ಲಿಂದ ಹೊರಟು ಅಲ್ಲಿಗೇ ಬರುತ್ತವೆ. ಬೆಟ್ಟಕ್ಕೆ 201 ಅಂತ ಮಕ್ಕಳಿಗೂ ಗೊತ್ತು.

ನಿಮ್ಮ ಕಾರಿಡಾರ್‌ಗೂ ನಮಗೂ ಒಂದು ಸಂಬಂಧವಿದೆ. ವಿಶ್ವಬ್ಯಾಂಕ್ ನೆರವಿನ ಒಂದೇ ಸುಸ್ಥಿರ ನಗರ ಸಾರಿಗೆ ಯೋಜನೆಯಲ್ಲಿ ನಿಮಗೆ ಬಿಆರ್‌ಟಿಎಸ್ ಸಿಕ್ಕಿತು, ನಮಗೆ ಐಟಿಎಸ್, ಅಂದರೆ ಬಸ್ ಎಲ್ಲಿದೆ ಅಂತ ಹೇಳುವ ವ್ಯವಸ್ಥೆ ಸಿಕ್ಕಿತು. 2012ರಲ್ಲಿ ಬಸ್ಸುಗಳಿಗೆ ಜಿಪಿಎಸ್ ಕೂರಿಸಿ, ಮುಂದಿನ ಬಸ್ ಎಷ್ಟು ಹೊತ್ತಿಗೆ ಅಂತ ತಂಗುದಾಣದ ಬೋರ್ಡಿನಲ್ಲಿ ತೋರಿಸಲು ಶುರು ಮಾಡಿದರು. ಒಂದು ರಸ್ತೆಯನ್ನು ಬದಲಾಯಿಸುವ ಬದಲು ಊರಿನ ಬಸ್ಸುಗಳಿಗೆಲ್ಲ ಒಂದು ಸಣ್ಣ ಸುಧಾರಣೆ. ಯಾವುದು ಉತ್ತಮ ಅಂತ ನಾನು ಹೇಳಲ್ಲ. ಆದರೆ ಉಣಕಲ್ ಅವರ ಪ್ರಶ್ನೆಗೆ ಇದೂ ಒಂದು ಉತ್ತರ ಅನಿಸಿತು.

ಸ್ಟೇಟ್‌ಬ್ಯಾಂಕ್_ಲಾಸ್ಟ್‌ಸ್ಟಾಪ್

ಮಂಗಳೂರಿನಿಂದ. ನಮ್ಮಲ್ಲಿ ಇದೆಲ್ಲ ತಲೆಬಿಸಿಯೇ ಇಲ್ಲ ಮಾರಾಯ್ರೇ, ಬೇರೆ ತಲೆಬಿಸಿ ಇದೆ. ಸಿಟಿ ಬಸ್ ಹೆಚ್ಚಿನದು ಖಾಸಗಿಯವರದು. ಎಲ್ಲ ಬಸ್ಸೂ ಬಂದು ಸೇರುವುದು ಸ್ಟೇಟ್ ಬ್ಯಾಂಕ್ ಹತ್ತಿರ. ಬಸ್ ಬೇಕಾದಷ್ಟಿದೆ. ಒಂದೇ ರೂಟಿನ ಎರಡು ಬಸ್ಸಿನ ನಡುವೆ ಟೈಮಿಂಗ್‌ಗೆ ಜಗಳ ಆಗಿ ಡ್ರೈವರ್‌ಗಳು ಓಡಿಸುವ ಸ್ಪೀಡ್ ನೋಡಿದರೆ ಮಾತ್ರ ದೇವರೇ ಗತಿ. ರಾತ್ರಿ ಕಲೆಕ್ಷನ್ ಇಲ್ಲ ಅಂತ ಲಾಸ್ಟ್ ಟ್ರಿಪ್ ಕಟ್ ಮಾಡುವುದೂ ಉಂಟು. ಕಾಕಾ ಹೇಳಿದ ಇಪಿಕೆಎಂ ರೋಗ ಖಾಸಗಿಯವರಿಗೆ ಇನ್ನೂ ಜಾಸ್ತಿ.

ಹಳೇ_ಟಿಕೆಟ್

ಮೈಸೂರಿನವರ ಮಾತಿಗೆ: ಆಕಾರದ ವಿಷಯ ಒಪ್ಪುತ್ತೇನೆ. ಆದರೆ ಆಕಾರ ದೇವರು ಕೊಟ್ಟದ್ದಲ್ಲ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್, ಹತ್ತಿ, ವ್ಯಾಪಾರದಿಂದ ಬೆಳೆಯಿತು. ಧಾರವಾಡ ಜಿಲ್ಲಾ ಕಚೇರಿ, ಕೋರ್ಟು, ಕಾಲೇಜುಗಳಿಂದ ಬೆಳೆಯಿತು. ದುಡ್ಡಿಗೆ ಅಲ್ಲಿ, ಕಾಗದಕ್ಕೆ ಇಲ್ಲಿ. ಅದಕ್ಕೇ ನಡುವಿನ ರಸ್ತೆಗೆ ಅಷ್ಟು ಜನ. ಆಮೇಲೆ ನವನಗರದಂಥ ಬಡಾವಣೆಯನ್ನೂ ಅದೇ ರಸ್ತೆ ಮೇಲೆ ಬೆಳೆಸಿದರು. ರಸ್ತೆ ಊರನ್ನು ಎಳೆಯಿತು, ಊರು ರಸ್ತೆಯನ್ನು ತುಂಬಿಸಿತು.

ಉಣಕಲ್_ದಡ

ಒಂದು ಲೆಕ್ಕ ಮುಂದಿಡುತ್ತೇನೆ, ಯಾರಾದರೂ ಒಡೆದು ಹಾಕಿ.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಅಳತೆಗೋಲು ಒಂದಿದೆ. ಸಾವಿರ ಜನಕ್ಕೆ 0.6 ಅಥವಾ ಜಾಸ್ತಿ ಬಸ್ ಇದ್ದರೆ ಆ ಊರು ಮೊದಲ ದರ್ಜೆ. 0.2ಕ್ಕಿಂತ ಕಡಿಮೆ ಇದ್ದರೆ ಕೊನೇ ದರ್ಜೆ. 2011ರ ಜನಸಂಖ್ಯೆಯನ್ನೇ ಹಿಡಿದರೂ ನಮಗೆ ಮೊದಲ ದರ್ಜೆಗೆ ಸುಮಾರು 565 ಬಸ್ ಬೇಕು. ಅವೂ ಊರಿನ ಎಲ್ಲ ಕಡೆ ಹರಡಿರಬೇಕು, ಒಂದೇ ರಸ್ತೆ ಮೇಲಲ್ಲ.

ಈಗ ಕಾಯುವ ಸಮಯ. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ ಐದು ನಿಮಿಷ ಕಾಯುತ್ತೀರಿ. ಅರ್ಧ ತಾಸಿಗೊಂದು ಇದ್ದರೆ ಹದಿನೈದು ನಿಮಿಷ. ಚಿಗರಿ ನಡುವಿನ ದಾರಿಯಲ್ಲಿ ಹದಿನೈದು ನಿಮಿಷ ಉಳಿಸಿತು ಅಂತ ಇಟ್ಟುಕೊಳ್ಳಿ. ಧಾರವಾಡದಲ್ಲಿ ಇಳಿದು ವಿಶ್ವವಿದ್ಯಾಲಯದ ಕಡೆಗೋ ಕೆಲಗೇರಿ ಕಡೆಗೋ ಬಸ್ ಕಾಯುತ್ತಾ ನಿಂತರೆ ಆ ಹದಿನೈದು ನಿಮಿಷ ಅಲ್ಲೇ ಹೋಯಿತು. ಆಟೋ ಹತ್ತಿದರೆ ಸಮಯ ಉಳಿಯಿತು, ಆದರೆ ಆಟೋ ಬಾಡಿಗೆ ಬಸ್ ಟಿಕೆಟನ್ನು ಮೀರಿಸಿತು. ಆಮೇಲೆ ಜನ ಬೈಕ್ ತಗೊಂಡರು ಅಂತ ಬೈದು ಏನು ಪ್ರಯೋಜನ?

ಕಾರಿಡಾರ್ ತೆಗೆದರೂ ಈ ಹದಿನೈದು ನಿಮಿಷ ಹಾಗೇ ಇರುತ್ತದೆ. ಉಳಿಸಿದರೂ ಹಾಗೇ ಇರುತ್ತದೆ. ಅದರ ಬದಲು ಟ್ರಾಮ್ ತಂದರೂ ಹಾಗೇ. ನನ್ನ ತಕರಾರು ಇಷ್ಟೇ.

ಗೋಕುಲ_ರೋಡ್

ಇದನ್ನು ಒಪ್ಪುತ್ತೇನೆ. ನನ್ನ ಮನೆ ಬಾಗಿಲ ಹತ್ತಿರ ಹತ್ತು ನಿಮಿಷಕ್ಕೊಂದು ಬಸ್ ಬಂದರೆ ಕಾರು ಶೆಡ್ಡಿನಲ್ಲೇ ಇರುತ್ತದೆ. ಲೇನ್ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಅದೇ!

ಸಪ್ತಾಪುರ_ಹುಡುಗ

ಹಾಗಾದರೆ ಸಣ್ಣ ಬಸ್ ಯಾಕೆ ಬಿಡಬಾರದು? ಹಳೇ ಹುಬ್ಬಳ್ಳಿ ಗಲ್ಲಿಗಳಲ್ಲಿ ದೊಡ್ಡ ಬಸ್ ತಿರುಗುವುದೇ ಕಷ್ಟ.

ಡಬಲ್_ಬೆಲ್_ಕಾಕಾ

ತಮ್ಮಾ, ಗಾಡಿ ಸಣ್ಣದಾದರೂ ಡ್ರೈವರ್, ಕಂಡಕ್ಟರ್ ಪಗಾರ ಸಣ್ಣದಾಗುವುದಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಸೀಟು ಅರ್ಧ ಆದರೆ ಕಲೆಕ್ಷನ್ ಅರ್ಧ. ಬಿಡಬಾರದು ಅಂತಲ್ಲ. ಅದಕ್ಕೆ ಬೇರೆ ಕಡೆಯಿಂದ ದುಡ್ಡು ಬರಬೇಕು. ನಲ್ಲಿ ನೀರು, ಬೀದಿ ದೀಪ ಲಾಭಕ್ಕೆ ನಡೆಸುತ್ತಾರಾ? ಪಾಲಿಕೆಯವರೂ ಕೈ ಹಾಕಬೇಕು.

ಬೈಯ್ಯುವುದು ಬಿಟ್ಟು ಒಂದು ಕೆಲಸ ಮಾಡ್ರಿ. ಹೊಸ ಟ್ರಿಪ್ ಕೇಳುವ ರೀತಿ ಹೇಳ್ತೀನಿ. "ನಮ್ಮ ಬಡಾವಣೆಗೆ ಬಸ್ ಬಿಡಿ" ಅಂತ ಅರ್ಜಿ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ. ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆಯುವಾಗ ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ ಅಂತ ಬಿಡಿಸಿ ಬರೀರಿ. ಹೋಗುವಾಗ ಯಾರು ಹತ್ತುತ್ತಾರೆ, ಬರುವಾಗ ಯಾರು ಹತ್ತುತ್ತಾರೆ ಅಂತ ತೋರಿಸ್ರಿ. ಬೆಳಿಗ್ಗೆ ಕಾಲೇಜಿಗೆ ಹೋದ ಗಾಡಿ ಖಾಲಿ ವಾಪಸ್ ಬಂದರೆ ಯಾವ ಡಿಪೋದವರೂ ಒಪ್ಪುವುದಿಲ್ಲ. ಅದೇ ಗಾಡಿಗೆ ಮರಳಿ ಬರುವಾಗ ದವಾಖಾನೆ ಶಿಫ್ಟ್ ಮುಗಿಸಿದವರು ಸಿಗುತ್ತಾರೆ ಅಂತ ತೋರಿಸಿದರೆ ಕೇಳುತ್ತಾರೆ. ಹೊಸ ಗಾಡಿ ಕೇಳಬೇಡ್ರಿ. ನಡುವೆ ಸುಮ್ನೆ ನಿಂತಿರುವ ಗಾಡಿಯ ಒಂದು ಟ್ರಿಪ್ ಕೇಳ್ರಿ.

ನವನಗರ_ಅಕ್ಕ

ಕಾಕಾ, ಇಷ್ಟು ದಿನ ಎಲ್ಲಿದ್ದಿರಿ ನೀವು! ಕರಡು ನಾನು ಬರೆಯುತ್ತೇನೆ, ನೀವು ತಿದ್ದಿಕೊಡಿ. ಮೊದಲು ಕೇಶ್ವಾಪುರ–ಕಿಮ್ಸ್ ಹಿಡಿಯೋಣ, ಅಲ್ಲಿ ನರ್ಸ್‌ಗಳ ಶಿಫ್ಟ್ ಇದೆ, ಎರಡೂ ಕಡೆ ಜನ ಸಿಗುತ್ತಾರೆ. ಕೇಶ್ವಾಪುರದವರು ಯಾರಾದರೂ ಇದ್ದರೆ ಬೆಳಿಗ್ಗೆ ಎಷ್ಟು ಗಂಟೆಗೆ ಆಟೋ ಜಾಸ್ತಿ ಓಡುತ್ತವೆ ಅಂತ ಇಲ್ಲೇ ಬರೆಯಿರಿ.

ಡಬಲ್_ಬೆಲ್_ಕಾಕಾ

ಕಳಿಸು ತಂಗಿ. ರವಿವಾರದ ಟೈಮ್ ಬೇರೆ ಬರಿ, ಅವತ್ತು ಕಾಲೇಜಿನವರು ಇರುವುದಿಲ್ಲ.